ಪದಚರ್ಚೆ: ಗಬ್ಬದ ಕುರಿಯನ್ನು ‘ಕತ್ತರಿಸಬಹುದೇ’?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಹಿರಿಯೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ: ‘ಇಲ್ಲಿ ಗಬ್ಬದ ಕುರೀನೇ ಕತ್ತರಿಸ್ತಾರಪ್ಪ, ಮರಿ ಗಟ್ಟಿಯಾಗಿ ಹುಟ್ಲಿ ಅಂತ.’ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಉಣ್ಣೆ ಅನ್ನೋದನ್ನ ಮೊದ್ಲು ಹೇಳೋ’ ಅಂದರು.

ನಾನಿರುವುದು ನ್ಯೂಜಿಲೆಂಡಿನ ಪಾಮರ್‌ಸ್ಟನ್ ನಾರ್ತ್‌ನಲ್ಲಿ. ಗಬ್ಬದ ಕುರಿಯ ಉಣ್ಣೆ ತೆಗೆಯುವುದರ ಮೇಲೆ ಕನ್ನಡದಲ್ಲಿ ಒಂದು ಸಣ್ಣ ಬರಹ ಬರೆಯಲು ಕೂತಿದ್ದೇನೆ. ಪದದ ಹತ್ತಿರವೇ ಗಾಡಿ ನಿಂತಿದೆ.

ಮೊದಲು ಕೆಲಸದ ಹೆಸರು. ‘ಉಣ್ಣೆ ಕಟಾವು’ ಅಂದರೆ ಜೋಳದ ಹೊಲ ನೆನಪಾಗುತ್ತದೆ. ‘ಬೋಳಿಸುವುದು’ ಅಂದರೆ ಕುರಿಗೆ ಯಾರೋ ಟೋಪಿ ಹಾಕಿದ ಹಾಗೆ. ‘ತುಪ್ಪಟ ತೆಗೆಯುವುದು’ ನನಗೆ ಇಷ್ಟ. ‘ಉಣ್ಣೆ’ ಸಂಸ್ಕೃತದ ‘ಊರ್ಣಾ’ದಿಂದ ಬಂದದ್ದು, ‘ತುಪ್ಪಟ’ ನಮ್ಮದೇ. ಆದರೆ ಪೇಟೆಯ ಓದುಗರಿಗೆ ಅರ್ಥವಾಗುತ್ತಾ?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಹೊತ್ತನ್ನು ಹೇಳುವ ಪದ. ನಾನು ನೋಡಿದ ಒಂದು ಅನುವಾದದಲ್ಲಿ ಎಲ್ಲ ಕಡೆ ‘ಹೆರಿಗೆಗೆ ಮುನ್ನ’ ಅಂತಲೇ ಇತ್ತು. ಕುರಿಗೆ ಹೆರಿಗೆ ಏನು, ಕುರಿ ಈಯುತ್ತದೆ ಅಲ್ವಾ? ಅದು ಹೋಗಲಿ. ಎರಡು ಬೇರೆ ಬೇರೆ ಹೊತ್ತಿಗೆ ಒಂದೇ ಪದ ಹಾಕಿ ವಿಷಯವೇ ಕೆಟ್ಟಿತ್ತು.

ಕುರಿ ಗಬ್ಬ ಹೊರುವುದು ಸುಮಾರು 150 ದಿನ. ಇಲ್ಲಿ ಏಪ್ರಿಲ್‌ನಲ್ಲಿ ಟಗರು ಬಿಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಮರಿ. ಗಬ್ಬದ 50ರಿಂದ 100ನೇ ದಿನದೊಳಗೆ, ಅಂದರೆ ಇಲ್ಲಿನ ಚಳಿಗಾಲದಲ್ಲಿ, ಉಣ್ಣೆ ತೆಗೆದರೆ ಮರಿಗಳು ಹುಟ್ಟುವಾಗ ಹೆಚ್ಚು ತೂಗುತ್ತವೆ. ಇದೇ ಊರಿನ ಮ್ಯಾಸ್ಸಿ ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದರ ಉಪಯೋಗ ಅವಳಿ ಮರಿಗಳಿಗೆ. ಅವು ಸಣ್ಣಗೆ ಹುಟ್ಟುತ್ತವೆ, ಮಳೆಗಾಳಿಗೆ ಎರಡೇ ದಿನದಲ್ಲಿ ಹೋಗಿಬಿಡುತ್ತವೆ. ಒಂಟಿ ಮರಿ ಮೊದಲೇ ದಪ್ಪಗಿದ್ದರೆ ಈಯುವಾಗ ತಾಯಿಗೇ ಕಷ್ಟ. ತಾಯಿಯ ಮೈಯಲ್ಲಿ ಕಸುವಿರಬೇಕು, ಮೇವೂ ಇರಬೇಕು. ಇಲ್ಲದಿದ್ದರೆ ಸುಮ್ನೆ ಚಳಿಗೆ ಒಡ್ಡಿದ ಹಾಗೆ.

ಈಯಲು ಮೂರ್ನಾಲ್ಕು ವಾರ ಇರುವಾಗ ತೆಗೆಯುವುದು ಬೇರೆಯೇ ಲೆಕ್ಕ. ಚಳಿ ಹತ್ತಿದ ಕುರಿ ಮರೆ ಹುಡುಕಿಕೊಂಡು ಹೋಗಿ ಈಯುತ್ತದೆ, ಮರಿಗೆ ಮೊಲೆ ಬೇಗ ಸಿಗುತ್ತದೆ. ಮರಿಯ ತೂಕದ ಲಾಭ ಮಾತ್ರ ಅಷ್ಟು ನೆಚ್ಚುವಂಥದ್ದಲ್ಲ. ಎರಡಕ್ಕೂ ‘ಮುನ್ನ’ ಅಂದುಬಿಟ್ಟರೆ ಓದಿದವನು ತಪ್ಪು ತಿಂಗಳಲ್ಲಿ ಕತ್ತರಿ ಹಿಡಿಯುತ್ತಾನೆ.

ಅಪ್ಪ ಕೇಳಿದ್ದು ಇನ್ನೊಂದು: ‘ಗಬ್ಬದ್ದನ್ನ ಹಿಡಿದು ಕೆಡವಿದ್ರೆ ಕಂದು ಹಾಕಲ್ವಾ?’ ಕಂದು ಹಾಕೋದು ಅಂದರೆ ಗಬ್ಬ ಇಳಿದುಹೋಗೋದು. ಇಲ್ಲಿ ಕೆಡವುವುದಿಲ್ಲ. ಕುರಿಯನ್ನು ಕುಂಡಿಯ ಮೇಲೆ ಕೂರಿಸಿ, ಬೆನ್ನನ್ನು ತನ್ನ ಕಾಲಿಗೆ ಒರಗಿಸಿಕೊಂಡು, ಮೊದಲು ಹೊಟ್ಟೆಯ ಉಣ್ಣೆ ತೆಗೆಯುತ್ತಾರೆ. ಪಳಗಿದವರ ಕೈಯಲ್ಲಿ ಕುರಿ ಮಿಸುಕುವುದೂ ಇಲ್ಲ. ಚಳಿಗಾಲಕ್ಕೆ ಮೆಷಿನ್ನಿಗೆ ಬೇರೆ ಬಾಚಣಿಗೆ ಹಾಕುತ್ತಾರೆ, ಮೈಮೇಲೆ ಒಂದಿಷ್ಟು ಉಣ್ಣೆ ಉಳಿಯಲಿ ಅಂತ. ಅಂದ ಹಾಗೆ, ಹುಟ್ಟಿದ ಮರಿಯನ್ನು ಬೆಚ್ಚಗಿಡುವ ಕೊಬ್ಬಿಗೆ ‘ಕಂದು ಕೊಬ್ಬು’ ಅಂತ ಬರೆದಿದ್ದೆ. ಅಪ್ಪನ ಈ ಮಾತು ಕೇಳಿದ ಮೇಲೆ ಅದನ್ನೂ ಹೊಡೆದುಹಾಕಿದೆ.

ಸದ್ಯಕ್ಕೆ ‘ನಡುಗಬ್ಬದ ಕತ್ತರಿ’, ‘ಈಯುವ ಮುಂಚಿನ ಕತ್ತರಿ’ ಅಂತ ಇಟ್ಟುಕೊಂಡಿದ್ದೇನೆ. ‘ನಡುರಾತ್ರಿ’ ಇರುವಾಗ ‘ನಡುಗಬ್ಬ’ ಯಾಕಾಗಬಾರದು? ‘ಕತ್ತರಿ’ ಮಾತ್ರ ‘ಅನುದಾನಕ್ಕೆ ಕತ್ತರಿ’ ಅನ್ನುವ ಪತ್ರಿಕೆಯ ತಲೆಬರಹದ ಹಾಗೆ ಕೇಳಿಸುತ್ತದೆ.

ಚಳ್ಳಕೆರೆ, ಕೊಪ್ಪಳ, ಬೆಳಗಾವಿ ಕಡೆಯವರು ಇದ್ದರೆ ಹೇಳಿ: ರೊಪ್ಪದಲ್ಲಿ ಈ ಕೆಲಸಕ್ಕೆ ಏನಂತಾರೆ? ಗಬ್ಬವನ್ನು ತಿಂಗಳಲ್ಲಿ ಎಣಿಸುತ್ತಾರಾ, ಅದಕ್ಕೆ ಬೇರೆ ಮಾತಿದೆಯಾ? ಆಗಷ್ಟೇ ಉಣ್ಣೆ ತೆಗೆಸಿಕೊಂಡು ನಡುಗುತ್ತಾ ನಿಂತ ಕುರಿಗೂ ಒಂದು ಹೆಸರಿದ್ದರೆ ಅದನ್ನೂ ಬರೆಯಿರಿ.