‘ಇಂಟೆಗ್ರಲ್’ ಬಿಂಬಕ್ಕೂ ಹೊಲೊಗ್ರಾಮ್‌ಗೂ ಬೇರೆ ಬೇರೆ ಪದ ಬೇಕಲ್ಲ?

ಬಲ್ಲವರಲ್ಲಿ ಒಂದು ಪ್ರಶ್ನೆ. ಮೂರು ಆಯಾಮದ ಬಿಂಬಗಳ ಬಗ್ಗೆ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ, ಎರಡನೆಯ ಪುಟದಲ್ಲೇ ಸಿಕ್ಕಿಕೊಂಡೆ.

ಗೇಬ್ರಿಯಲ್ ಲಿಪ್‌ಮನ್ 1908ರಲ್ಲಿ ಮುಂದಿಟ್ಟ ವಿಧಾನದ ಹೆಸರು ‘ಇಂಟೆಗ್ರಲ್ ಫೋಟೊಗ್ರಫಿ’. ಡೆನಿಸ್ ಗಾಬರ್ 1947ರಲ್ಲಿ ಕಂಡುಕೊಂಡದ್ದು ಹೊಲೊಗ್ರಫಿ. ಗ್ರೀಕಿನ ‘ಹೋಲೋಸ್’ ಅಂದರೆ ಇಡಿಯಾದದ್ದು, ಇಂಟೆಗ್ರಲ್ ಅಂದರೂ ಇಡಿಯಾದದ್ದೇ! ಹೀಗಾಗಿ ನನ್ನ ಕರಡಿನಲ್ಲಿ ಒಂದು ‘ಸಮಗ್ರ’, ಇನ್ನೊಂದು ‘ಪೂರ್ಣ’ ಆಗಿ, ಓದಿದವರಿಗೆ ಯಾವುದು ಯಾವುದೆಂದೇ ತಿಳಿಯಲಿಲ್ಲ. ‘ಸಮಗ್ರ ಛಾಯಾಗ್ರಹಣ’ ಪಠ್ಯಪುಸ್ತಕದ ಹೆಸರಿನ ಹಾಗಿದೆ. ‘ಅನುಕಲನ’ ಅಂದರೆ ಗಣಿತ ನುಗ್ಗುತ್ತದೆ.

ಪದ ಬಿಟ್ಟು ವಸ್ತುವನ್ನೇ ನೋಡೋಣ ಅನ್ನಿಸಿತು. ಲಿಪ್‌ಮನ್ನರದು ನೊಣದ ಕಣ್ಣಿನಂತೆ ಪುಟ್ಟ ಪುಟ್ಟ ಮಸೂರಗಳನ್ನು ಒತ್ತೊತ್ತಾಗಿ ಕೂರಿಸಿದ ಹಾಳೆ. ಪ್ರತಿ ಮಸೂರದ ಹಿಂದೆ, ಅದರ ಜಾಗದಿಂದ ಕಂಡಂತೆ ಒಂದೊಂದು ಪುಟ್ಟ ಚಿತ್ರ. ಫಿಲ್ಮನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಂದೇ ಮುಖ ನೂರಾರು ಸಲ: ಈ ಅಂಚಿನವುಗಳಲ್ಲಿ ಎಡಗಿವಿ ಹೆಚ್ಚು ಕಾಣುತ್ತದೆ, ಆ ಅಂಚಿನವುಗಳಲ್ಲಿ ಬಲಗಿವಿ. ಮತ್ತೆ ಮಸೂರಗಳ ಮೂಲಕ ನೋಡಿದಾಗ ಎಲ್ಲ ಕೂಡಿ ಆಳವಿರುವ ಒಂದೇ ಮುಖ. ಹೊಲೊಗ್ರಾಮ್ ಫಲಕವನ್ನು ಅದೇ ಭೂತಗನ್ನಡಿಯಡಿ ಇಟ್ಟರೆ ಮುಖವೇ ಇಲ್ಲ. ವಸ್ತುವಿನಿಂದ ಬಂದ ಬೆಳಕೂ ನೇರವಾಗಿ ಬಂದ ಬೆಳಕೂ ಸೇರಿ ಮೂಡಿಸಿದ ವ್ಯತಿಕರಣದ ಗೆರೆಗಳಷ್ಟೇ ಅಲ್ಲಿರುವುದು, ಅವೂ ಭೂತಗನ್ನಡಿಗೆ ನಿಲುಕದಷ್ಟು ಸಣ್ಣವು. ಒಂದು ಕಿರಣಗಳ ದಿಕ್ಕನ್ನು ಹಿಡಿಯುತ್ತದೆ, ಇನ್ನೊಂದು ಅಲೆಯನ್ನೇ. ಮೊದಲನೆಯದಕ್ಕೆ ಸಾದಾ ಬೆಳಕು ಸಾಕು. ಎರಡನೆಯದು ಕಳೆಕಟ್ಟಿದ್ದು 1960ರಲ್ಲಿ ಲೇಸರ್ ಬಂದ ಮೇಲೆ.

ಹಾಗಾದರೆ ‘ಕೂಡುಬಿಂಬ’, ‘ಅಲೆಯಚ್ಚು’ ಹೇಗೆ? ಹೊಲೊಗ್ರಾಮ್ ಈಗಾಗಲೇ ಬಳಕೆಯಲ್ಲಿದೆ, ಅದನ್ನು ಕಿತ್ತುಹಾಕುವ ಹಟ ನನಗಿಲ್ಲ. ಆದರೆ ಆ ಪದ ಫಲಕಕ್ಕೂ ಸಲ್ಲುತ್ತಿದೆ, ಅದರಲ್ಲಿ ಕಾಣುವ ಬಿಂಬಕ್ಕೂ ಸಲ್ಲುತ್ತಿದೆ, ವೇದಿಕೆಯಲ್ಲಿ ಓರೆಯಾಗಿ ನಿಲ್ಲಿಸಿದ ಗಾಜಿನಲ್ಲಿ ಪ್ರತಿಫಲಿಸುವ ಮನುಷ್ಯನಿಗೂ ಸಲ್ಲುತ್ತಿದೆ. ಕೊನೆಯದಂತೂ 19ನೆಯ ಶತಮಾನದ ರಂಗತಂತ್ರ, ಹೊಲೊಗ್ರಫಿ ಅಲ್ಲಿ ಎಳ್ಳಷ್ಟೂ ಇಲ್ಲ. ಫಲಕವನ್ನಾದರೂ ‘ಅಲೆಯಚ್ಚು’ ಎಂದು ಕರೆದರೆ ಗೊಂದಲ ಅಷ್ಟು ತಗ್ಗೀತು.

ಲಿಪ್‌ಮನ್ನರ ಆ ಮಸೂರಗಳ ಹಾಳೆಗೆ ಇಂಗ್ಲಿಷಿನಲ್ಲಿ ‘ಲೆನ್ಸ್ ಅರೇ’. ಅದಕ್ಕೆ ‘ಮಸೂರವ್ಯೂಹ’ ಅಂದರೆ ಯುದ್ಧಕ್ಕೆ ಹೊರಟಂತಿದೆ, ‘ಸಾಲು’ ಅಂದರೆ ಒಂದೇ ದಿಕ್ಕು. ‘ಮಸೂರಹಾಸು’ ನನಗೆ ಹಿಡಿಸಿದೆ. (ಲ್ಯಾಟಿನ್ನಿನ ‘ಲೆನ್ಸ್’ ಕೂಡ ಮಸೂರದ ಕಾಳೇ, ಅಲ್ಲಿ ಯಾರೋ ಪುಣ್ಯಾತ್ಮರು ಪದಕ್ಕೆ ಪದ ಇಟ್ಟು ಗೆದ್ದಿದ್ದಾರೆ.)

ನಿಜವಾಗಿ ಕೈಕೊಟ್ಟದ್ದು ‘ಸೂಡೊಸ್ಕೋಪಿಕ್’. ಲಿಪ್‌ಮನ್ ವಿಧಾನದಲ್ಲಿ ಬಿಂಬದ ಆಳ ತಿರುಗಿಬಿಡುತ್ತದೆ: ಮೂಗು ಒಳಗೆ, ಕೆನ್ನೆ ಹೊರಗೆ, ಮುಖವಾಡದ ಒಳಮೈ ನೋಡಿದ ಹಾಗೆ. ಆ ಬಿಂಬವನ್ನೇ ಇನ್ನೊಮ್ಮೆ ಸೆರೆಹಿಡಿದು ಸರಿಪಡಿಸುವ ದಾರಿಯನ್ನು ಹರ್ಬರ್ಟ್ ಐವ್ಸ್ 1931ರಲ್ಲಿ ತೋರಿಸಿದರು. ‘ಮಿಥ್ಯಬಿಂಬ’ ಅನ್ನುವಂತಿಲ್ಲ, ಅದು ಶಾಲೆಯ ಪುಸ್ತಕಗಳಲ್ಲಿ ವರ್ಚುವಲ್ ಇಮೇಜಿಗೆ ಮೀಸಲು. ‘ತಲೆಕೆಳಗು’ ಅಲ್ಲ, ತಲೆ ಮೇಲೇ ಇದೆ. ಸದ್ಯ ‘ಒಳಹೊರಗಾದ ಬಿಂಬ’ ಎಂದು ಬರೆದಿದ್ದೇನೆ, ಮತ್ತೆ ಮತ್ತೆ ಬಂದರೆ ಬಾಯಿಗೆ ಭಾರ. ಎರಕ ಹೊಯ್ಯುವವರು, ಅಚ್ಚು ಕೆತ್ತುವವರು ಉಬ್ಬು ತಗ್ಗಾಗಿ ಕಾಣುವುದಕ್ಕೆ ಏನಾದರೂ ಪದ ಬಳಸುತ್ತಾರೆಯೇ?