ಮಂಗಳೂರು ಹಳೇ ಬಂದರ್ ಓಣಿ: ಇಂಟರ್‌ಲಾಕ್ ಕೆಲಸ, ಮನೆಯವರು ದಯವಿಟ್ಟು ಓದಿ

ಮೂಲೆ ಮನೆ (ಅಡ್ಮಿನ್), ಬೆಳಿಗ್ಗೆ 7:40
ನಮಸ್ಕಾರ. ಓಣಿಗೆ ಇಂಟರ್‌ಲಾಕ್ ಹಾಕಿ ಹಳೇ ಮಾದರಿಯ ದೀಪದ ಕಂಬ ನಿಲ್ಲಿಸ್ತಾರಂತೆ. ಪೇಟೆಗೆ ಮತ್ತೆ ಕಳೆ ಬರ್ತದಂತೆ. ಚಂದ ಆಗುದಕ್ಕೆ ನನ್ನ ತಕರಾರಿಲ್ಲ. ರಸ್ತೆ ಇನ್ನೆಷ್ಟು ಎತ್ತರ ಆಗ್ತದೆ, ಅದು ಬೇಕು ನನಗೆ. ಕಳೆದ ಸಲ ಡಾಮರು ಕೀಳದೆ ಅದರ ಮೇಲೇ ಕಾಂಕ್ರೀಟ್ ಹಾಕಿದ್ರು. ಅಜ್ಜನ ಕಾಲದಲ್ಲಿ ನಮ್ಮ ಜಗಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಮೆಟ್ಟಿಲು ಇಳೀಬೇಕು.

ಮೆಣಸಿನ ಗೋಡೌನ್, 7:52
ನಮ್ಮಲ್ಲೂ ಅದೇ ಮಾರಾಯ್ರೆ. ಹೋದ ಜುಲೈಯಲ್ಲಿ ಹನ್ನೊಂದು ಗೋಣಿ ಒದ್ದೆ. ಒಣಗಿಸ್ಲಿಕ್ಕೆ ಬಿಸಿಲೆಲ್ಲಿ?

ಮಾಳಿಗೆ ಬಾಡಿಗೆ ಮನೆ, 8:05
ದೀಪ ಮಾತ್ರ ಬೇಡ ಅನ್ಬೇಡಿ ಸರ್. ಒಂಬತ್ತು ಗಂಟೆ ಮೇಲೆ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ ಇಳಿದು ನಡೆದು ಬರ್ಲಿಕ್ಕೆ ಹೆದರಿಕೆ. ಅರ್ಧ ಮನೆಗಳಿಗೆ ಬೀಗ.

ಮಾಷ್ಟ್ರ ಮನೆ, 8:31
ಬೀಗ ಯಾಕೆ ಬಿತ್ತು ಗೊತ್ತುಂಟಾ ಮಗಾ? 1970ರ ದಶಕದಲ್ಲಿ ದೊಡ್ಡ ಹಡಗುಗಳು ಪಣಂಬೂರಿನ ಹೊಸ ಬಂದರಿಗೆ ಹೋದವು, ಬಂದರ್ ಖಾಲಿಯಾಯ್ತು ಅಂತ ಎಲ್ಲರೂ ಹೇಳುದು. ವ್ಯಾಪಾರ ಎಲ್ಲಿ ನಿಂತಿದೆ? ಲಕ್ಷದ್ವೀಪಕ್ಕೆ ಸಾಮಾನು ಈಗಲೂ ಹೋಗುದು ನಮ್ಮ ಹಳೇ ಬಂದರಿಂದ. ಬೆಳಿಗ್ಗೆ ಲಾರಿಗಳ ಎಡೆಯಲ್ಲಿ ಸ್ಕೂಟರ್ ನುಗ್ಗಿಸಿದವರನ್ನು ಕೇಳಿ. ಖಾಲಿಯಾದದ್ದು ಮನೆಗಳು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಬುಡದಲ್ಲಿ ನಿಂತ ನೀರನ್ನು ಕುಡೀತಾ ಮೇಲೆ ಹತ್ತಿಸ್ತದೆ. ಸುಣ್ಣದ ಗಾರೆ ಇದ್ದಾಗ ಬೇಸಗೆಯಲ್ಲಿ ಆರ್ತಿತ್ತು. ನಾವು ಸಿಮೆಂಟ್ ಬಳಿದು ಅದನ್ನೂ ಮುಚ್ಚಿದೆವು, ನಮ್ಮ ತಪ್ಪೂ ಉಂಟು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಊರು ಇದು. ಬಾಸೆಲ್ ಮಿಷನಿನವರು 1865ರಲ್ಲೇ ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು, ಮಾಡಿನ ಮೇಲೆ ಬೀಳುವ ನೀರಿಗೆ ದಾರಿಯಾಯ್ತು. ಬಾಗಿಲಿಂದ ಬರುವ ನೀರಿಗೆ ಯಾವ ಹೆಂಚು ಹೊದಿಸುದು?

ಬಾವಿಕಟ್ಟೆ ಮನೆ, 8:44
ಸಾಕಾಯ್ತು ಮಾಷ್ಟ್ರೆ. ಬಿಲ್ಡರ್ ಎರಡು ಫ್ಲಾಟ್ ಕೊಡ್ತೇನೆ ಅಂತಾನೆ. ಅಣ್ಣತಮ್ಮಂದಿರು ಸಹಿ ಹಾಕ್ಲಿಕ್ಕೆ ತಯಾರು.

ಮೂಲೆ ಮನೆ (ಅಡ್ಮಿನ್), 8:50
ಈ ಮಳೆಗಾಲ ಒಂದು ನೋಡಿ ಅಕ್ಕ. ನಾಡಿದ್ದು ಮಾಹಿತಿ ಹಕ್ಕಿನ ಅರ್ಜಿ ಹಾಕ್ತೇನೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡ್ಬೇಕು. ಎಸ್ಟಿಮೇಟಿನ ಪ್ರತಿ, ರಸ್ತೆ ಮಟ್ಟದ ನಕ್ಷೆ, ಚರಂಡಿ ಎಲ್ಲಿಗೆ ಸೇರ್ತದೆ ಅಂತ ಕೇಳ್ತೇನೆ. ನಮ್ಮ ಬೇಡಿಕೆ ಇಷ್ಟೆ: ಹಳೇ ಕಾಂಕ್ರೀಟ್ ಕಿತ್ತೇ ಇಂಟರ್‌ಲಾಕ್ ಹಾಕಿ, ಅದಕ್ಕೂ ಮೊದಲು ಚರಂಡಿ. ದೀಪ ಬೇಕಾದ್ರೆ ನಾಳೆಯೇ ಹಾಕ್ಲಿ.

ಮೆಣಸಿನ ಗೋಡೌನ್, 8:58
ಆದಿತ್ಯವಾರ ಹತ್ತಕ್ಕೆ ನಮ್ಮಲ್ಲಿ ಸೇರುವ. ಚಾ ನಮ್ಮದು. ಸೀನು ಬಂದ್ರೆ ನಾನು ಜವಾಬ್ದಾರನಲ್ಲ.

ಮೂಲೆ ಮನೆ (ಅಡ್ಮಿನ್), 9:03
ಬರುವಾಗ ನಿಮ್ಮ ಹೊಸ್ತಿಲಿಗೂ ರಸ್ತೆಗೂ ಎಷ್ಟು ಇಂಚು ವ್ಯತ್ಯಾಸ ಅಂತ ಅಳೆದು ಫೋಟೋ ತನ್ನಿ. ಬೀಗ ಹಾಕಿದ ಮನೆಗಳದ್ದು ನಾನು ಮಾಡ್ತೇನೆ.

ಬಾವಿಕಟ್ಟೆ ಮನೆ, 9:20
ಬಟ್ಟೆ ಹೊಲಿಯುವ ಟೇಪು ಆಗ್ತದಾ?

ಮೂಲೆ ಮನೆ (ಅಡ್ಮಿನ್), 9:21
ಧಾರಾಳ ಅಕ್ಕ. ಫೋಟೋದಲ್ಲಿ ಅಂಕೆ ಕಾಣ್ಬೇಕು, ಅಷ್ಟೆ.