"ಬಗ್ಗೀತೇ" ಅಂದರೆ ಪ್ರಶ್ನೆನಾ?

ಕಳೆದ ವಾರ ಹೊರದೇಶದಲ್ಲಿರುವ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ಒಬ್ಬರು, ಮಕ್ಕಳಿಗೆ ಕಲಿಸೋಕೆ ಕನ್ನಡ ಗಾದೆಗಳ ಪಟ್ಟಿ ಇದ್ದರೆ ಕಳಿಸಿ ಅಂತ ಕೇಳಿದ್ದರು. ನಾಲ್ಕೈದು ಪಟ್ಟಿ ಬಂದವು. ನಾನೂ ಒಂದನ್ನು ಇಳಿಸಿಕೊಂಡೆ. ನಮ್ಮ ಮನೆಯಲ್ಲಿ ಮಾತ್ರ ಅದು ಕೆಲಸಕ್ಕೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ 11 ವರ್ಷ. ಶನಿವಾರದ ಕನ್ನಡ ತರಗತಿ ಬೇಡ, ದೊಡ್ಡವಳಾದ ಮೇಲೆ ಬೇಕಾದರೆ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಳು. ನಮ್ಮಪ್ಪ ನನ್ನ ಬಾಯಿ ಮುಚ್ಚಿಸುತ್ತಿದ್ದ ಗಾದೆಯನ್ನೇ ಎತ್ತಿದೆ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅವಳು ಸ್ವಲ್ಪ ಯೋಚನೆ ಮಾಡಿ, "ಯಾವ ಮರ?" ಅಂದಳು. ನಾನು ಬಾಯಿ ತೆರೆಯುವುದರೊಳಗೆ ಇನ್ನೊಂದು: "ಅಮ್ಮಾ, ಅದು ಯಾಕೆ ಬಗ್ಗಬೇಕು?"

ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅವಳದ್ದೇನೂ ತಪ್ಪಿಲ್ಲ. ನಾನು ಪ್ರಶ್ನೆ ಕೇಳಿದೆ, ಅವಳು ಅದನ್ನು ಪ್ರಶ್ನೆ ಅಂತಲೇ ತಗೊಂಡಳು. ನಮ್ಮಪ್ಪ ಕೇಳಿದಾಗ ನಾನು ಸುಮ್ಮನಿದ್ದದ್ದು ಒಳ್ಳೆಯ ಹುಡುಗಿ ಅಂತ ಅಲ್ಲ. "ಬಗ್ಗೀತೇ" ಅನ್ನುವುದು ಪ್ರಶ್ನೆಯೇ ಅಲ್ಲ ಅಂತ ನನಗೆ ಗೊತ್ತಿತ್ತು. "ಬಗ್ಗುತ್ತಾ?" ಅಂದಿದ್ದರೆ ಹೌದೋ ಇಲ್ಲವೋ ಹೇಳಬಹುದಿತ್ತು. "ಬಗ್ಗೀತು" ಅನ್ನುವ ರೂಪದಲ್ಲೇ "ಆದರೂ ಆಗಬಹುದು" ಅನ್ನುವ ಸಂದೇಹ ಇದೆ. ಅದರ ಬಾಲಕ್ಕೆ ಒಂದು "ಏ" ಸೇರಿಸಿದರೆ ಇದ್ದಷ್ಟು ಸಾಧ್ಯತೆಯೂ ಹೋಯಿತು. ವ್ಯಾಕರಣದವರು ಇದನ್ನು ಸಂಭಾವನಾರ್ಥಕ ಅನ್ನುತ್ತಾರೆ. ಬಂದೀತು, ಹೋದೀತು, ತಾಳಿದವನು ಬಾಳಿಯಾನು. ನಮ್ಮ ಮನೆಯ ದಿನದ ಮಾತಿನಲ್ಲಿ ಈ ರೂಪ ಸತ್ತೇ ಹೋಗಿದೆ. ನಾನು ಮಗಳ ಹತ್ತಿರ "ಮಳೆ ಬಂದೀತು" ಅಂದದ್ದು ನೆನಪಿಲ್ಲ, "ಮಳೆ ಬರಬಹುದು" ಅನ್ನುತ್ತೇನೆ. ಕೇಳೇ ಇಲ್ಲದ ರೂಪದಲ್ಲಿ ಗದರಿಸಿದರೆ ಮಗುವಿಗೆ ಗದರಿಕೆ ಅಂತ ಗೊತ್ತಾಗುವುದಾದರೂ ಹೇಗೆ?

ಕೊಂಕು ಮಾತಿನದ್ದೂ ಇದೇ ಕಥೆ. ರಜಾದಿನ ಬೆಳಿಗ್ಗೆ ಅಜ್ಜಿ ವಿಡಿಯೋ ಕಾಲ್ ಮಾಡಿದ್ದರು. ಮಗಳು ಕಣ್ಣುಜ್ಜಿಕೊಂಡು ಬಂದಳು. "ಏನು ಮಹಾರಾಣಿಯವರೇ, ಈಗ ಬೆಳಗಾಯ್ತಾ?" ಅಂದರು ಅಜ್ಜಿ. "ಹೌದಜ್ಜಿ, ಇಲ್ಲಿ ಈಗಲೇ ಬೆಳಗಾಗಿದ್ದು. ನಿಮಗೆ ಸಂಜೆ ಅಲ್ವಾ?" ಅಂತ ಇವಳು ಪ್ರಾಮಾಣಿಕವಾಗಿ ಟೈಮ್ ವಿವರಿಸಿದಳು. ಅಜ್ಜಿ ನಕ್ಕು ಸುಸ್ತಾದರು. ಹೊಗಳಿದಂತೆ ಬೈಯುವುದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿ ಅಂತ ಹೆಸರಿದೆ. ದನಿಯ ಏರಿಳಿತದಿಂದಲೇ ಅರ್ಥ ತಿರುಗಿಸುವುದು ಕಾಕು. ಅಜ್ಜಿ ಯಾವ ಶಾಸ್ತ್ರವನ್ನೂ ಓದಿಲ್ಲ, ಎರಡನ್ನೂ ಒಂದೇ ಸಾಲಿನಲ್ಲಿ ಎಸೆದರು. ಕಾಕು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ, ಅದು ಕಿವಿಯಿಂದಲೇ ಬರಬೇಕು.

ಇನ್ನೊಂದು ವಿಷಯ ನನಗೆ ಇತ್ತೀಚೆಗಷ್ಟೇ ಹೊಳೆಯಿತು. ನಾವು ದೊಡ್ಡವರು ಗಾದೆಯನ್ನು ಪೂರ್ತಿ ಹೇಳುವುದೇ ಇಲ್ಲ, ಗಮನಿಸಿದ್ದೀರಾ? "ಏನು ಮಾಡೋದು, ಕೈ ಕೆಸರಾದರೆ..." ಅಂತ ಬಿಟ್ಟುಬಿಡುತ್ತೇವೆ. "ಅಯ್ಯೋ, ಕುಣಿಯಲಾರದವಳು..." ಅಷ್ಟೇ. ಉಳಿದ ಅರ್ಧವನ್ನು ಕೇಳುವವರು ಮನಸ್ಸಿನಲ್ಲೇ ಮುಗಿಸಿಕೊಳ್ಳುತ್ತಾರೆ. ಅಲ್ಲೇ ಗಾದೆಯ ಚಾಲಾಕಿತನ ಇರುವುದು. ಮುಗಿಸಿದವರು ಅರ್ಧ ಒಪ್ಪಿಕೊಂಡಂತೆಯೇ. ಮಾತು ಹೊರಗಿನಿಂದ ಬಂದಂತೆ ಅನ್ನಿಸುವುದಿಲ್ಲ, ತಮ್ಮದೇ ಅನ್ನಿಸುತ್ತದೆ. ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್ ಕೂಡ ಹತ್ತಿರ ಹತ್ತಿರ ಇದನ್ನೇ ಹೇಳಿದ್ದಾನೆ: ಜನರಿಗೆ ತಮ್ಮ ಅನುಭವದಿಂದ ಮೊದಲೇ ಅನ್ನಿಸಿದ್ದನ್ನು ಯಾರಾದರೂ ಎಲ್ಲರಿಗೂ ಅನ್ವಯಿಸುವ ಮಾತಾಗಿ ಹೇಳಿದರೆ ಖುಷಿಯಾಗುತ್ತದೆ, ಅದಕ್ಕೇ ಸೂಕ್ತಿಗಳಿಗೆ ಅಷ್ಟು ಬಲ. ಜೊತೆಗೆ, ಇಂಥ ಮಾತು ವಯಸ್ಸಾದವರ ಬಾಯಲ್ಲಿ ಒಪ್ಪುತ್ತದೆ ಅಂತಲೂ ಅಂದಿದ್ದಾನೆ. ಎರಡನೆಯದನ್ನು ನನ್ನ ಮಗಳಿಗೆ ಹೇಳಿಲ್ಲ.

ಪ್ರಾಸದ ಮೋಡಿಯೂ ಕಡಿಮೆಯದಲ್ಲ. ಕೆಸರು–ಮೊಸರು, ತಾಳಿದವನು–ಬಾಳಿಯಾನು. ಎರಡರಲ್ಲೂ ಎರಡನೇ ಅಕ್ಷರ ನೋಡಿ: ಸ–ಸ, ಳ–ಳ. ಹಳಗನ್ನಡ ಕಾವ್ಯದಲ್ಲಿ ಸಾಲು ಸಾಲಿಗೂ ಕೂರಿಸುತ್ತಿದ್ದದ್ದು ಈ ಎರಡನೇ ಅಕ್ಷರದ ಪ್ರಾಸವನ್ನೇ. "ಬಾಯಿ ಮೊಸರು" ಅನ್ನುವಲ್ಲಿ ಕ್ರಿಯಾಪದವೂ ಇಲ್ಲ, ಆದರೂ ವಾಕ್ಯ ಗಟ್ಟಿಯಾಗಿ ನಿಲ್ಲುತ್ತದೆ. ಮಗಳು ಇದನ್ನು ಸ್ನೇಹಿತೆಗೆ ಪದಕ್ಕೆ ಪದ ಇಂಗ್ಲಿಷಿನಲ್ಲಿ ಹೇಳಿದಳಂತೆ. ಆ ಸ್ನೇಹಿತೆ ಕೇಳಿದ್ದು ಒಂದೇ, "ಕೈ ತೊಳೆದುಕೊಂಡಿರಾ?"

ಪ್ರಾಸ ಕಿವಿಗೆ ಹಿತ, ಸರಿ. ನಮ್ಮ ಬುದ್ಧಿಯನ್ನೂ ಅದು ಸ್ವಲ್ಪ ಯಾಮಾರಿಸುತ್ತದೆ. 2000ದಲ್ಲಿ ಮ್ಯಾಗ್ಲೋನ್ ಮತ್ತು ತೊಫಿಘ್‌ಬಕ್ಷ್ ಅನ್ನುವ ಇಬ್ಬರು ಒಂದು ಸಂಶೋಧನೆ ಪ್ರಕಟಿಸಿದರು. ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಇಂಗ್ಲಿಷ್ ಸೂಕ್ತಿಗಳನ್ನು ಆರಿಸಿ, ಕೆಲವನ್ನು ಪ್ರಾಸ ಇಟ್ಟು, ಕೆಲವನ್ನು ಅದೇ ಅರ್ಥ ಬರುವಂತೆ ಪ್ರಾಸ ಮುರಿದು ಓದಿಸಿದರು. ಪ್ರಾಸ ಇದ್ದದ್ದೇ ಜನರಿಗೆ ಜಾಸ್ತಿ ನಿಜ ಅನ್ನಿಸಿತು. "ಮಾತಿನ ಅಂದ ಬೇರೆ, ಅರ್ಥ ಬೇರೆ, ಬರೀ ಅರ್ಥ ನೋಡಿ" ಅಂತ ಎಚ್ಚರಿಸಿದಾಗ ಈ ಮೋಡಿ ತಗ್ಗಿತು. ಮಕ್ಕಳಿಗೆ ಗಾದೆ ಕಲಿಸುವಾಗ ಈ ಎಚ್ಚರಿಕೆಯನ್ನೂ ಕಲಿಸಬೇಕು ಅನ್ನುವುದು ನನ್ನ ವಾದ.

ನಮ್ಮ ಗುಂಪನ್ನೇ ತಗೊಳ್ಳಿ. ವಾಪಸ್ ಹೋಗಿ ನೆಲೆಸುವ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು "ದೂರದ ಬೆಟ್ಟ ನುಣ್ಣಗೆ" ಅನ್ನುತ್ತಾರೆ. ಹತ್ತು ಜನ ಹೂಂ ಅನ್ನುತ್ತಾರೆ. ಚರ್ಚೆ ಅಲ್ಲಿಗೆ ಬಂದ್. ಯಾವುದು ಆ ದೂರದ ಬೆಟ್ಟ? ಹೊರಡುವಾಗ ನಮ್ಮ ದೊಡ್ಡಪ್ಪ ಇದೇ ಗಾದೆ ಹೇಳಿದ್ದರು, ಆಗ ಬೆಟ್ಟ ಅಂದರೆ ಈ ದೇಶ. ಈಗ ನಾವು ಹೇಳುವಾಗ ಬೆಟ್ಟ ಅಂದರೆ ನಮ್ಮೂರು. ಹೋಗಬೇಡ ಅನ್ನುವುದಕ್ಕೂ ಅದೇ, ಬರಬೇಡ ಅನ್ನುವುದಕ್ಕೂ ಅದೇ. ಮಕ್ಕಳ ಶಾಲೆ ಏನಾಗುತ್ತದೆ, ವಯಸ್ಸಾದ ಅಪ್ಪ ಅಮ್ಮನ ಜೊತೆ ಯಾರಿರುತ್ತಾರೆ, ಇದ್ಯಾವುದಕ್ಕೂ ಗಾದೆ ಉತ್ತರ ಕೊಡಲಿಲ್ಲ. ಉತ್ತರ ಸಿಕ್ಕಂತೆ ಅನ್ನಿಸುವ ಹಾಗೆ ಮಾಡಿತು, ಅಷ್ಟೇ. ಗಾದೆ ಯಾರೊಬ್ಬರ ಮಾತೂ ಅಲ್ಲವಲ್ಲ. ನಾನು "ನೀವು ಹೋಗೋದು ಬೇಡ" ಅಂದರೆ ನೀವು ನನ್ನ ಜೊತೆ ಜಗಳಕ್ಕೆ ಬರಬಹುದು. ಬೆಟ್ಟದ ಜೊತೆ ಯಾರು ಜಗಳ ಆಡುತ್ತಾರೆ? "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅನ್ನುತ್ತೀರಾ? ಅದೂ ಒಂದು ಗಾದೆಯೇ ಸ್ವಾಮಿ. ತನಗೆ ತಾನೇ ಸರ್ಟಿಫಿಕೇಟ್ ಬರೆದುಕೊಂಡಿದೆ.

ಹಾಗಂತ ಗಾದೆ ಬಿಡಿ ಅನ್ನುತ್ತಿಲ್ಲ. ಜಾತಿ ಹಿಡಿದು ಬೈಯುವ, ಹೆಣ್ಣುಮಕ್ಕಳನ್ನು ಹಳಿಯುವ ಗಾದೆಗಳನ್ನು ನಾನಂತೂ ಮುಲಾಜಿಲ್ಲದೆ ಬಿಟ್ಟಿದ್ದೇನೆ. ಕುಣಿಯಲಾರದವಳನ್ನು ಮಗಳೇ "ಕುಣಿಯಲಾರದವರು" ಮಾಡಿಕೊಂಡಿದ್ದಾಳೆ, ಲಯ ಏನೂ ಕೆಟ್ಟಿಲ್ಲ. ನನ್ನ ತಕರಾರು ಇಷ್ಟು: ಇಲ್ಲಿ ಬೆಳೆಯುವ ಮಕ್ಕಳು ಗಾದೆಯನ್ನು ಕೇಳುವುದು ಬೈಸಿಕೊಳ್ಳುವಾಗ ಮಾತ್ರ. ನಾವು ಚಿಕ್ಕವರಿದ್ದಾಗ ಅತ್ತೆ ಒಂದು ಗಾದೆ ಹೇಳಿದರೆ ಚಿಕ್ಕಮ್ಮ ತಿರುಗಿಸಿ ಇನ್ನೊಂದು ಕೊಡುತ್ತಿದ್ದರು, ನಾವು ಮೂಲೆಯಲ್ಲಿ ಕೂತು ಕೇಳುತ್ತಿದ್ದೆವು. ಗಾದೆಗೆ ಎದುರು ಗಾದೆ ಇದೆ ಅಂತ ಗೊತ್ತಾಗಿದ್ದೇ ಹಾಗೆ. ಇಲ್ಲಿ ಮನೆಯಲ್ಲಿ ಕನ್ನಡ ಆಡುವವರು ಇಬ್ಬರು, ಇಬ್ಬರೂ ಮಗುವಿನ ಎದುರು ಪಕ್ಷ!

ಅದಕ್ಕೇ ಪಟ್ಟಿ ಬಿಟ್ಟು ಕಾರಿನಲ್ಲಿ ಒಂದು ಆಟ ಶುರು ಮಾಡಿದೆವು. ಒಬ್ಬರು ಗಾದೆ ಹೇಳಬೇಕು, ಇನ್ನೊಬ್ಬರು ಅದಕ್ಕೆ ಉಲ್ಟಾ ಗಾದೆ ಹುಡುಕಬೇಕು. "ನಿಧಾನವೇ ಪ್ರಧಾನ" ಅಂದರೆ "ನಾಳೆ ಎಂದವನ ಮನೆ ಹಾಳು". "ಮಾತು ಬೆಳ್ಳಿ, ಮೌನ ಬಂಗಾರ" ಅಂದರೆ "ಬಾಯಿದ್ದವನು ಬರಗಾಲದಲ್ಲೂ ಬದುಕಿದ". ಇದನ್ನು ಕೇಳಿದಾಗ ಅವಳು ಸೀಟಿನಲ್ಲೇ ಚಪ್ಪಾಳೆ ತಟ್ಟಿದಳು. ಯಾವುದು ಸರಿ ಅಂತ ಕೇಳಿದಳು. ಯಾವಾಗ ಹೇಳುತ್ತೀಯ ಅನ್ನುವುದರ ಮೇಲೆ, ಅಂದೆ. "ಹಾಗಾದ್ರೆ ನೀನು ನಿನಗೆ ಬೇಕಾದ್ದನ್ನೇ ಆರಿಸಿ ಹೇಳ್ತೀಯ!" ಅಂದಳು. ಸಿಕ್ಕಿಬಿದ್ದೆ.

ಮೊನ್ನೆ ರಾತ್ರಿ ಊಟದ ಹೊತ್ತಿಗೆ ಫೋನ್ ಮುಟ್ಟಬಾರದು ಅಂತ ಅವಳಿಗೆ ದೊಡ್ಡ ಭಾಷಣ ಮಾಡಿ, ಐದು ನಿಮಿಷಕ್ಕೆ ನಾನೇ ಈ ಗುಂಪಿನ ಮೆಸೇಜ್ ನೋಡುತ್ತಾ ಕೂತಿದ್ದೆ. ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ. ಥೇಟ್ ಅಜ್ಜಿಯ ದನಿ.

"ಹೇಳೋದು ಆಚಾರ..."

ಅಷ್ಟು ಹೇಳಿ ಸುಮ್ಮನಾದಳು. ಉಳಿದರ್ಧ ನಾನೇ ಹೇಳಬೇಕಾಯಿತು.

ಅಂದಹಾಗೆ, "ಗಿಡವಾಗಿ ಬಗ್ಗದ್ದು" ಗಾದೆಗೆ ಉಲ್ಟಾ ಗಾದೆ ಅವಳಿಗೆ ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ಶನಿವಾರದ ತರಗತಿ ಮುಗಿದ ಮೇಲೆ ಅವಳಿಗೆ ತಲುಪಿಸುತ್ತೇನೆ.